ಮಾಜಾಳಿಯ ಆಚೆಗಿದ್ದ ಸರ್ವಾಧಿಕಾರಿ: ಶಿಕ್ಷಣ ಇಲಾಖೆಗೂ ಶಿಕ್ಷಕ ಮಿತ್ರರಿಗೂ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ ಹಾಗೂ ಶಿರಸಿ ಶೈಕ್ಷಣಿಕ ಜಿಲ್ಲೆಗಳು,
ಮತ್ತು ಎರಡೂ ಜಿಲ್ಲೆಗಳ ಸಮಾಜ ವಿಜ್ಞಾನ ಶಿಕ್ಷಕ ಮಿತ್ರರು

ಮಾನ್ಯರೇ,

ನಮ್ಮ ಕಡೆಯ ಪ್ರೌಢಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಒಂದು ವಿಷಯ ಸುತ್ತಿ ಸುತ್ತಿ ಬರುತ್ತದೆ: ‘ಇಂದಿನ ಭಾರತಕ್ಕೆ ಸರ್ವಾಧಿಕಾರವೇ ಸೂಕ್ತ’. ನಿವೃತ್ತನಾದ ಮೇಲೂ ಹಳೆಯ ಪರಿಚಯದ ಮೇಲೆ ನನ್ನನ್ನು ನಿರ್ಣಾಯಕನಾಗಿ ಕರೆಯುವವರಿದ್ದಾರೆ. ಊಟ ಇರುತ್ತದೆ, ಒಂದು ಶಾಲೂ ಸಿಗುತ್ತದೆ, ಹೋಗುತ್ತೇನೆ. ಹೆಚ್ಚಾಗಿ ಗೆಲ್ಲುವುದು ಪರವಾಗಿ ಮಾತಾಡಿದ ಮಕ್ಕಳೇ. ಅವರ ಬಳಿ ಕಣ್ಣಾರೆ ಕಂಡ ಉದಾಹರಣೆಗಳಿರುತ್ತವೆ. ಹೊಂಡ ಬಿದ್ದ ರಸ್ತೆ, ತಾಲೂಕು ಕಚೇರಿಯಲ್ಲಿ ಕೊಳೆಯುತ್ತಿರುವ ಅಪ್ಪನ ಅರ್ಜಿ, ಜಿಲ್ಲೆಯಲ್ಲೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲದೆ ಮಣಿಪಾಲಕ್ಕೋ ಗೋವೆಗೋ ಓಡುವ ಆಂಬುಲೆನ್ಸ್. ಒಬ್ಬ ಗಟ್ಟಿ ಮನುಷ್ಯ ಬಂದು ಕುಳಿತರೆ ಇದೆಲ್ಲ ಆರು ತಿಂಗಳಲ್ಲಿ ಸರಿಹೋಗುತ್ತದೆ ಎಂದು ಮೇಜು ಕುಟ್ಟಿ ಹೇಳುತ್ತಾರೆ. ಹಿಂದಿನ ಬೆಂಚಿನ ಪಾಲಕರು ಚಪ್ಪಾಳೆ ತಟ್ಟುತ್ತಾರೆ. ಚಾ ಅಂಗಡಿಯಲ್ಲಿ ‘ನಮ್ಮ ಜನಕ್ಕೆ ಮಿಲಿಟ್ರಿ ರೂಲೇ ಸಮ ಮಾರಾಯಾ’ ಎನ್ನುವವರೂ ಅವರೇ ಅಲ್ಲವೇ?

ವಿರೋಧ ಮಾತಾಡುವ ಮಕ್ಕಳು ಪಾಪ, ನಾವು ಕಲಿಸಿದ್ದನ್ನೇ ಒಪ್ಪಿಸುತ್ತಾರೆ. ಹಿಟ್ಲರ್ 60 ಲಕ್ಷ ಯಹೂದಿಗಳನ್ನು ಕೊಲ್ಲಿಸಿದ, ಮುಸೊಲಿನಿ ಕ್ರೂರಿ, ಸರ್ವಾಧಿಕಾರ ಕೆಟ್ಟದ್ದು. ಕೂಡಲೇ ಎದುರಿನವರ ಉತ್ತರ ಸಿದ್ಧ: ‘ನಮಗೆ ಹಿಟ್ಲರ್ ಬೇಡ. ಓದಿದವನು, ಲೆಕ್ಕ ಬಲ್ಲವನು, ತನ್ನ ಮನೆತನಕ್ಕೆ ಆಸ್ತಿ ಮಾಡದವನು ಬೇಕು.’ ಅಲ್ಲಿಗೆ ವಿರೋಧಿ ತಂಡದ ಬಾಯಿ ಕಟ್ಟುತ್ತದೆ. ತಪ್ಪು ಮಕ್ಕಳದ್ದಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಸರ್ವಾಧಿಕಾರಿಯ ಕ್ರೌರ್ಯವನ್ನು ನಾವು ಹೇಳಿಕೊಡುತ್ತೇವೆ. ಅವನು ಆ ಕುರ್ಚಿಗೆ ಹೇಗೆ ಬಂದ, ಬಂದ ಮೇಲೆ ದಶಕಗಟ್ಟಲೆ ಅಲ್ಲಿ ಹೇಗೆ ಉಳಿದ ಎನ್ನುವುದನ್ನು ಹೇಳುವುದಿಲ್ಲ. ಮೀಸೆ ಮತ್ತು ಕಿರುಚಾಟ ನೋಡಿ ಗುರುತಿಸಬಹುದಾದ ಪ್ರಾಣಿ ಅದು ಎಂಬಂತೆ ಮಕ್ಕಳು ತಿಳಿದಿದ್ದಾರೆ.

ಮಕ್ಕಳು ಕೇಳುವ ಆ ‘ಒಳ್ಳೆಯ’ ಸರ್ವಾಧಿಕಾರಿ ನಿಜಕ್ಕೂ ಒಬ್ಬನಿದ್ದ, ಪೋರ್ಚುಗಲ್‌ನ ಸಲಾಜಾರ್. ಗೋವೆ ಆಗ ಪೋರ್ಚುಗಲ್‌ನ ಕೈಯಲ್ಲಿತ್ತು. ಅವನ ಆಡಳಿತದ ಗಡಿ ನಮ್ಮ ಮಾಜಾಳಿಯಲ್ಲೇ ಶುರುವಾಗುತ್ತಿತ್ತು. ಅವನ ಹೆಸರನ್ನು ಕಾರವಾರದ ಶಾಲೆಗಳಲ್ಲೂ ಯಾರೂ ಎತ್ತುವುದಿಲ್ಲ ಎನ್ನುವುದೇ ಈ ಪತ್ರ ಬರೆಯಲು ಕಾರಣ.

ಇವತ್ತು ಕಾಳಿ ದಾಟಿ ಸದಾಶಿವಗಡ, ಮಾಜಾಳಿ ಕಳೆದು ಗೋವೆಯ ಪೋಳೆಂ ತಲುಪುವಾಗ ಅಬಕಾರಿಯವರನ್ನು ಬಿಟ್ಟರೆ ಕೇಳುವವರಿಲ್ಲ. ನಮ್ಮ ಹುಡುಗರು ಬೆಳಿಗ್ಗೆ ಗೋವೆಗೆ ಕೆಲಸಕ್ಕೆ ಹೋಗುತ್ತಾರೆ, ಹೆಣ್ಣು ಕೊಡುವುದು ತರುವುದು ಎಲ್ಲ ಇದೆ. 1961ರ ಡಿಸೆಂಬರ್‌ವರೆಗೆ ಅದು ಬೇರೆ ಲೋಕ. ಅಲ್ಲಿಂದಾಚೆ ಲಿಸ್ಬನ್‌ನಲ್ಲಿ ಕೂತ ಒಬ್ಬ ನಿವೃತ್ತಿಯಾಗದ ಪ್ರೊಫೆಸರನ ಮಾತು ನಡೆಯುತ್ತಿತ್ತು. ಬಿಣಗಾ, ಅರ್ಗಾದ ಎದುರಿಗಿರುವ ಅಂಜುದೀವ್ ದ್ವೀಪವೂ ಅವನದ್ದೇ. 1961ರ ನವೆಂಬರ್‌ನಲ್ಲಿ ಅದೇ ದ್ವೀಪದಿಂದ ಹಾರಿದ ಗುಂಡು ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿಗೆ ತಗುಲಿತು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿತು, ಒಬ್ಬ ಮೀನುಗಾರ ಸತ್ತ. ಯುರೋಪಿನ ಸರ್ವಾಧಿಕಾರ ಎಂದು ಪುಸ್ತಕದಲ್ಲಿ ಓದುವುದು ನಮ್ಮ ಬಲೆ ಬೀಸುವವರ ಎದೆಗೆ ಅಷ್ಟು ಹತ್ತಿರ ಇತ್ತು.

ಆಂಟೋನಿಯೊ ದ ಒಲಿವೇರಾ ಸಲಾಜಾರ್ ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು. ದಂಗೆ ಎಬ್ಬಿಸಲಿಲ್ಲ, ಸೈನ್ಯ ಕಟ್ಟಲಿಲ್ಲ, ಚೌಕದಲ್ಲಿ ನಿಂತು ಕೂಗಲಿಲ್ಲ. 1910ರಲ್ಲಿ ಗಣರಾಜ್ಯವಾದ ಪೋರ್ಚುಗಲ್‌ನಲ್ಲಿ ಸರ್ಕಾರಗಳು ಬಿದ್ದು ಬಿದ್ದು ಜನ ಬೇಸತ್ತಿದ್ದರು, ಖಜಾನೆ ಖಾಲಿ. 1926ರ ಮೇ 28ರಂದು ಸೈನ್ಯ ಅಧಿಕಾರ ಹಿಡಿಯಿತು. ಸೇನಾಧಿಕಾರಿಗಳಿಗೆ ಬಂದೂಕು ಗೊತ್ತಿತ್ತು, ಜಮಾ-ಖರ್ಚು ಗೊತ್ತಿರಲಿಲ್ಲ. 1928ರಲ್ಲಿ ಈ ಪ್ರೊಫೆಸರನನ್ನು ಹಣಕಾಸು ಮಂತ್ರಿಯಾಗೆಂದು ಕರೆದರು. ಅವನು ಒಂದು ಷರತ್ತು ಹಾಕಿದ: ಯಾವ ಇಲಾಖೆಯೂ ತನ್ನ ಒಪ್ಪಿಗೆ ಇಲ್ಲದೆ ಒಂದು ಕಾಸೂ ಖರ್ಚು ಮಾಡಕೂಡದು. ಒಪ್ಪಿದರು. ಒಂದೇ ವರ್ಷದಲ್ಲಿ ಮುಂಗಡಪತ್ರದಲ್ಲಿ ಉಳಿತಾಯ ತೋರಿಸಿದ, ಪವಾಡಪುರುಷನೆಂದು ಹೊಗಳಿಸಿಕೊಂಡ. 1932ರಲ್ಲಿ ಪ್ರಧಾನಿ. ಅಲ್ಲಿಂದ 1968ರ ತನಕ, 36 ವರ್ಷ, ಯಾರೂ ಅವನನ್ನು ಕದಲಿಸಲಿಲ್ಲ.

ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇರುವುದು ಆ ಷರತ್ತಿನಲ್ಲಿ. ಅದನ್ನು ಕೊಟ್ಟ ದಿನ ಯಾರಿಗೂ ಅದು ಅಧಿಕಾರ ಹಸ್ತಾಂತರದಂತೆ ಕಾಣಲಿಲ್ಲ, ಲೆಕ್ಕಪತ್ರದ ಶಿಸ್ತಿನಂತೆ ಕಂಡಿತು. ರಷ್ಯಾದಲ್ಲೂ ಹಾಗೇ ಆಗಿತ್ತು. 1922ರಲ್ಲಿ ಸ್ಟಾಲಿನ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದಾಗ ಟ್ರಾಟ್ಸ್ಕಿಯಂಥ ಮಾತುಗಾರರಿಗೆ ಅದು ಗುಮಾಸ್ತಿಕೆ ಎನಿಸಿತ್ತು. ಯಾರನ್ನು ಎಲ್ಲಿ ನೇಮಿಸಬೇಕು ಎನ್ನುವ ಕಡತ ಆ ಗುಮಾಸ್ತನ ಮೇಜಿನ ಮೇಲೇ ಇತ್ತು.

1933ರಲ್ಲಿ ಸಲಾಜಾರ್ ಹೊಸ ಸಂವಿಧಾನಕ್ಕೆ ಜನಮತ ಕೇಳಿದ. ಮತ ಗಳಿಸುವ ಕಷ್ಟ ಇಲ್ಲಿ ಅವನಿಗೆ ಬರಲೇ ಇಲ್ಲ, ಏಕೆಂದರೆ ಮತಗಟ್ಟೆಗೆ ಬಾರದವರೆಲ್ಲ ಒಪ್ಪಿದ್ದಾರೆ ಎಂದೇ ಎಣಿಸಲಾಯಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಬಂದಿರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತವರ ಮೌನವನ್ನೇ ಹೌದೆಂದು ಬರೆದುಕೊಂಡ ಆ ಜನಮತವನ್ನು ನಮ್ಮ ಮಕ್ಕಳಿಗೆ ಹೇಳಿ ನೋಡಿ, ಅವರಿಗೆ ಅದು ತಟ್ಟನೆ ತಿಳಿಯುತ್ತದೆ. ಕ್ಲಾಸ್ ಲೀಡರ್ ಆರಿಸುವಾಗ ಗೈರುಹಾಜರಾದವರ ಮತವನ್ನೂ ಒಬ್ಬನೇ ಹಾಕಿಕೊಂಡರೆ ಬಿಡುತ್ತಾರೆಯೇ ಅವರು!

ಹಿಟ್ಲರನ ಕಥೆಯನ್ನು ಈ ಬೆಳಕಿನಲ್ಲೇ ಇನ್ನೊಮ್ಮೆ ಹೇಳಬೇಕು. 1933ರ ಜನವರಿ 30ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಅವನನ್ನು ಚಾನ್ಸಲರ್ ಆಗಿ ನೇಮಿಸಿದಾಗ ಸಂಪುಟದಲ್ಲಿ ನಾಜಿಗಳು ಅವನೂ ಸೇರಿ ಮೂವರೇ. ವಾನ್ ಪಾಪೆನ್ ಮೊದಲಾದ ದೊಡ್ಡ ಮನೆತನದ ರಾಜಕಾರಣಿಗಳು ಈ ಗಲಾಟೆ ಮನುಷ್ಯನನ್ನು ತಾವು ಪಳಗಿಸುತ್ತೇವೆ ಎಂದುಕೊಂಡಿದ್ದರು. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಸುಗ್ರೀವಾಜ್ಞೆ, ವಾಕ್ ಸ್ವಾತಂತ್ರ್ಯ, ಸಭೆ, ಪತ್ರಿಕೆ, ಅಂಚೆಯ ಗೋಪ್ಯತೆ ಎಲ್ಲ ‘ಸದ್ಯಕ್ಕೆ’ ಅಮಾನತು. ಆ ಸದ್ಯ 1945ರವರೆಗೆ ಮುಗಿಯಲಿಲ್ಲ. ಮಾರ್ಚ್ 23ರಂದು ಸಂಸತ್ತಿನ ಅಧಿಕಾರವನ್ನೆಲ್ಲ ಸರ್ಕಾರಕ್ಕೆ ವಹಿಸುವ ಮಸೂದೆಗೆ ಪರವಾಗಿ 444 ಮತ, ವಿರುದ್ಧ 94. ಕಮ್ಯುನಿಸ್ಟ್ ಸದಸ್ಯರನ್ನು ಸಭೆಗೆ ಬರಗೊಡಲೇ ಇಲ್ಲ. ವಿರೋಧಿಸಿದವರು ಸೋಷಿಯಲ್ ಡೆಮಾಕ್ರಟರು ಮಾತ್ರ, ಹೊರಗೆ ನಾಜಿ ಪಡೆಯ ಕಂದು ಅಂಗಿಯವರು ಬೊಬ್ಬೆ ಹಾಕುತ್ತಿದ್ದಾಗ ಅವರ ನಾಯಕ ಒಟ್ಟೊ ವೆಲ್ಸ್ ಎದ್ದು ನಿಂತು ಮಾತಾಡಿದ. ಎಲ್ಲವೂ ಎರಡು ತಿಂಗಳೊಳಗೆ, ಎಲ್ಲಕ್ಕೂ ಕಾನೂನಿನ ಕಲಮು ಇತ್ತು.

ಆ ಕಲಮು ಹಿಟ್ಲರ್ ಬರುವ ಮೊದಲೇ ಸವೆದಿತ್ತು ಎನ್ನುವುದನ್ನು ಮಕ್ಕಳಿಗೆ ಹೇಳಲೇಬೇಕು. ಜರ್ಮನಿಯ ಸಂವಿಧಾನದ 48ನೆಯ ವಿಧಿ ತುರ್ತು ಸಂದರ್ಭದಲ್ಲಿ ಸಂಸತ್ತನ್ನು ಬಿಟ್ಟು ಆಜ್ಞೆ ಹೊರಡಿಸಲು ಅಧ್ಯಕ್ಷರಿಗೆ ಅವಕಾಶ ಕೊಟ್ಟಿತ್ತು. 1930ರಿಂದಲೇ ಅಲ್ಲಿನ ಸಭ್ಯ, ಕಾನೂನುಪ್ರಿಯ ಚಾನ್ಸಲರುಗಳು ಬಹುಮತ ಸಿಗದಾಗಲೆಲ್ಲ ಆ ವಿಧಿಯನ್ನೇ ಬಳಸಿ ರಾಜ್ಯಭಾರ ಮಾಡಿದ್ದರು. ಗಜನಿ ಗದ್ದೆ, ಅಂದರೆ ಉಪ್ಪುನೀರಿನಂಚಿನ ಗದ್ದೆ ಮಾಡುವ ನಮ್ಮ ಅಘನಾಶಿನಿ ದಂಡೆಯ ರೈತರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ: ಉಪ್ಪುನೀರು ನುಗ್ಗುವುದು ಹುಣ್ಣಿಮೆಯ ಉಬ್ಬರದ ದಿನವೇ ಆದರೂ ಕಟ್ಟೆಗೆ ಏಡಿ ಬಿಲ ತೋಡಿದ್ದು ಎಷ್ಟೋ ದಿನ ಮೊದಲು. ಇಟಲಿಯಲ್ಲಿ 1923ರ ಚುನಾವಣಾ ಕಾಯಿದೆಯ ಪ್ರಕಾರ ಶೇ 25 ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ಪಕ್ಷಕ್ಕೆ ಮೂರರಲ್ಲಿ ಎರಡು ಪಾಲು ಸ್ಥಾನ. ‘ಸ್ಥಿರ ಸರ್ಕಾರ ಬೇಕು’ ಎಂದು ಆ ಕಾಯಿದೆಗೆ ಕೈ ಎತ್ತಿದವರಲ್ಲಿ ಮುಸೊಲಿನಿಯ ಪಕ್ಷದವರಲ್ಲದವರೇ ಬಹಳ. ಮರುವರ್ಷ ಚುನಾವಣೆಯ ಅಕ್ರಮವನ್ನು ಸದನದಲ್ಲೇ ಎತ್ತಿ ಹೇಳಿದ ಸಮಾಜವಾದಿ ಸಂಸದ ಮತ್ತೆಯೊತ್ತಿಯನ್ನು ಹತ್ತೇ ಹನ್ನೊಂದು ದಿನಗಳಲ್ಲಿ ಅಪಹರಿಸಿ ಕೊಂದರು.

ಇನ್ನು, ಬಂದವನು ಉಳಿಯುವ ಬಗೆ. ಇದೇ ನಮ್ಮ ಪಾಠಗಳಲ್ಲಿ ತೀರಾ ಬಡವಾಗಿರುವ ಭಾಗ. ಪೊಲೀಸ್, ಜೈಲು, ಹಿಂಸೆ ಎಂದು ಮೂರು ಪದದಲ್ಲಿ ಮುಗಿಸುತ್ತೇವೆ. ಸಲಾಜಾರನಿಗೂ ಗುಪ್ತ ಪೊಲೀಸರಿದ್ದರು. ಪಿಡೆ ಎಂದು ಕುಖ್ಯಾತ. ಕೇಪ್ ವರ್ಡ್ ದ್ವೀಪದ ತಾರಾಫಾಲ್‌ನಲ್ಲಿ 1936ರಲ್ಲಿ ತೆರೆದ ಬಂದಿಶಿಬಿರ ಇತ್ತು. ಆದರೆ ದೇಶದ ಬಹುಪಾಲು ಜನ ಯಾವತ್ತೂ ಆ ಶಿಬಿರ ನೋಡಲಿಲ್ಲ. ಅವರು ನೋಡಿದ್ದು ಒಂದು ನಮೂನೆಯ ಅರ್ಜಿಯನ್ನು. 1936ರಿಂದ ಸರ್ಕಾರಿ ನೌಕರಿ ಬೇಕಾದವರು, ಅಂದರೆ ಶಾಲಾ ಮಾಸ್ತರರೂ, ತಾನು ಈ ವ್ಯವಸ್ಥೆಯನ್ನು ಒಪ್ಪುತ್ತೇನೆ, ಕ್ರಾಂತಿಕಾರಿ ವಿಚಾರಗಳನ್ನು ತಿರಸ್ಕರಿಸುತ್ತೇನೆ ಎಂದು ಸಹಿ ಹಾಕಿ ಕೊಡಬೇಕಿತ್ತು. ಹೆಂಡತಿ ಮಕ್ಕಳನ್ನು ಸಾಕಬೇಕಾದ ಮಾಸ್ತರ ಏನು ಮಾಡಿಯಾನು? ಇಟಲಿಯಲ್ಲಿ 1931ರಲ್ಲಿ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರಿಂದ ಫ್ಯಾಸಿಸ್ಟ್ ನಿಷ್ಠೆಯ ಪ್ರಮಾಣ ಕೇಳಿದಾಗ 1,200ಕ್ಕೂ ಹೆಚ್ಚು ಮಂದಿಯಲ್ಲಿ ಒಲ್ಲೆ ಎಂದವರು ಹನ್ನೆರಡೇ ಮಂದಿ ಎಂದು ಪ್ರಸಿದ್ಧ. ಮಾಸ್ತರಿಕೆ ಮಾಡಿದ ನಮಗೆಲ್ಲ ಆ ಹನ್ನೆರಡಕ್ಕಿಂತ ಉಳಿದವರ ಬಗ್ಗೆ ಯೋಚಿಸುವುದು ಹೆಚ್ಚು ಉಪಯೋಗದ್ದು. ಅವರಲ್ಲಿ ಎಷ್ಟೋ ಜನ ಮನೆಯಲ್ಲಿ ಮುಸೊಲಿನಿಯನ್ನು ಗೇಲಿ ಮಾಡುತ್ತಿದ್ದಿರಬೇಕು. ಸಹಿ ಇದ್ದಷ್ಟು ದಿನ ಆ ಗೇಲಿಯಿಂದ ಅವನಿಗೇನೂ ನಷ್ಟವಿರಲಿಲ್ಲ.

ಸಹಿಯ ಜತೆಗೆ ನೀಲಿ ಪೆನ್ಸಿಲ್. ಪೋರ್ಚುಗಲ್‌ನ ಸೆನ್ಸಾರ್ ಅಧಿಕಾರಿಗಳು ಪತ್ರಿಕೆಯ ಕರಡಿನ ಮೇಲೆ ನೀಲಿ ಪೆನ್ಸಿಲ್‌ನಿಂದ ಗೀಟು ಎಳೆದು ಕಳಿಸುತ್ತಿದ್ದರು. ಗೋವೆಯಲ್ಲಂತೂ ಮದುವೆಯ ಆಮಂತ್ರಣ ಪತ್ರಿಕೆ ಕೂಡ ಅಚ್ಚಾಗುವ ಮುಂಚೆ ಸೆನ್ಸಾರ್‌ನವರ ಕಣ್ಣಿಗೆ ಬೀಳಬೇಕಿತ್ತು. ಮಗಳ ಮುಹೂರ್ತ ಯಾವತ್ತು, ಊಟ ಎಲ್ಲಿ ಎಂಬುದರಲ್ಲಿ ರಾಜದ್ರೋಹ ಏನಿದ್ದೀತು? ಹುಡುಕುವುದೇ ಉದ್ದೇಶವಾಗಿದ್ದರೆ ಅಧಿಕಾರಿಗಳಿಗೂ ಬೇಸರ ಬಂದಿರಬೇಕು. ಕಾಗದ ಹಿಡಿದು ಅಪ್ಪನೊಬ್ಬ ಕಚೇರಿಯ ಮೆಟ್ಟಿಲು ಹತ್ತಿ ಅನುಮತಿ ಕೇಳುವುದನ್ನು ಅಭ್ಯಾಸ ಮಾಡಿಕೊಳ್ಳುವುದೇ ಅದರ ಪ್ರಯೋಜನ. ಸಾರ್ವಜನಿಕ ಸಭೆಗೂ ಮೊದಲೇ ಪರವಾನಗಿ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವದಲ್ಲಿ ಅನುಮತಿ ಇಲ್ಲದೆ ಸಭೆಗೆ ನಿಂತರು, ಅಲ್ಲೇ ಬಂಧನವಾಯಿತು. ಕೆಲವೇ ವಾರಗಳಲ್ಲಿ ಗೋವೆಯ ಸ್ವಾತಂತ್ರ್ಯ ಹೋರಾಟಗಾರ ಟ್ರಿಸ್ಟಾವೊ ಬ್ರಗಾಂಜಾ ಕುನ್ಹಾ ಅವರಿಗೆ ಸೇನಾ ನ್ಯಾಯಾಲಯ ಎಂಟು ವರ್ಷ ಶಿಕ್ಷೆ ವಿಧಿಸಿ ಪೋರ್ಚುಗಲ್‌ನ ಪೆನಿಶ್ ಕೋಟೆಗೆ ಸಾಗಿಸಿತು.

ಮೂರನೆಯದು ನೆರೆಹೊರೆಯವರ ನಾಲಗೆ. ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಪ್ರತಿ ಮನೆಯ ಗೋಡೆಗೆ ಕಿವಿ ಇಟ್ಟಿತ್ತು ಎಂದು ಸಿನಿಮಾ ನೋಡಿ ಭಾವಿಸುತ್ತೇವೆ. 1937ರ ಸುಮಾರಿಗೆ ಆರೂವರೆ ಕೋಟಿ ಜನರ ದೇಶಕ್ಕೆ ಅದರ ಸಿಬ್ಬಂದಿ ಏಳು ಸಾವಿರದ ಆಸುಪಾಸು. ಉಳಿದ ಕೆಲಸವನ್ನು ಜನರೇ ಮಾಡಿಕೊಟ್ಟರು. ಕಡತಗಳನ್ನು ಓದಿದ ಇತಿಹಾಸಕಾರರಿಗೆ ಕಂಡದ್ದು ಪಕ್ಕದ ಮನೆಯವರು, ವ್ಯಾಪಾರದಲ್ಲಿ ಪೈಪೋಟಿ ಇದ್ದವರು, ಮುರಿದ ಸಂಬಂಧದವರು ಬರೆದ ಪತ್ರಗಳು. ಸಿದ್ಧಾಂತದ ಮಾತು ಅವುಗಳಲ್ಲಿ ಕಡಿಮೆ. ಬೇಲಿ ತಕರಾರು, ಹಾದಿ ತಕರಾರು ಎಂದು ಕುಮಟಾ, ಹೊನ್ನಾವರದ ಕೋರ್ಟುಗಳಿಗೆ ಅಲೆಯುವ ನಮ್ಮ ಜನರ ಕೈಗೆ ಅಂಥದ್ದೊಂದು ಅಂಚೆಪೆಟ್ಟಿಗೆ ಸಿಕ್ಕಿದ್ದರೆ ಎಂದು ಯೋಚಿಸಿದರೆ ನನಗೆ ನಗು ಬರುವುದಿಲ್ಲ.

ಪ್ರಾಮಾಣಿಕ ಸರ್ವಾಧಿಕಾರಿ ಎಂಬ ಮಕ್ಕಳ ವಾದಕ್ಕೆ ಮರಳುತ್ತೇನೆ. ಸಲಾಜಾರ್ ಕದ್ದವನಲ್ಲ. ಮದುವೆಯಾಗಲಿಲ್ಲ, ಸರಳವಾಗಿ ಬದುಕಿದ, ದುಂದು ಮಾಡಲಿಲ್ಲ. ಒಪ್ಪೋಣ. ಅವನ ಕಾಲ ಮುಗಿದ ಮೇಲೆ 1970ರ ಜನಗಣತಿಯಲ್ಲೂ ಪೋರ್ಚುಗಲ್‌ನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಓದು ಬರಹ ಬರುತ್ತಿರಲಿಲ್ಲ. ಪಶ್ಚಿಮ ಯುರೋಪಿನ ಕಡುಬಡ ದೇಶಗಳಲ್ಲಿ ಅದೂ ಒಂದಾಗಿತ್ತು. 1960ರ ದಶಕದಲ್ಲಿ ಲಕ್ಷಾಂತರ ಮಂದಿ ಕೂಲಿ ಹುಡುಕಿ ಫ್ರಾನ್ಸ್‌ಗೆ ಹೋದರು, ಬಹಳಷ್ಟು ಜನ ಕದ್ದು ಗಡಿ ದಾಟಿ. ಅಂಗೋಲಾ, ಗಿನಿ, ಮೊಜಾಂಬಿಕ್‌ಗಳ ಯುದ್ಧಕ್ಕೆ ಹುಡುಗರನ್ನು ಹಿಡಿದು ಕಳಿಸುತ್ತಿದ್ದರು. ಇದು ತಪ್ಪು ಎಂದು ಹೇಳಿ ಅವನನ್ನು ಇಳಿಸುವ ದಾರಿ ಯಾವುದಿತ್ತು? 1958ರಲ್ಲಿ ಜನರಲ್ ಉಂಬೆರ್ತೊ ಡೆಲ್ಗಾಡೊ ಅಧ್ಯಕ್ಷ ಚುನಾವಣೆಗೆ ನಿಂತ. ಗೆದ್ದರೆ ಸಲಾಜಾರನನ್ನು ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ತೆಗೆದುಹಾಕುತ್ತೇನೆ, ಅದರಲ್ಲೇನಿದೆ ಎಂಬಂತೆ ಉತ್ತರಿಸಿದ. ಜನ ಬೀದಿಗೆ ಬಂದರು. ಫಲಿತಾಂಶ ಮಾತ್ರ ಸರ್ಕಾರದ ಅಭ್ಯರ್ಥಿಯ ಕಡೆಗೇ ಬಂತು. ಮರುವರ್ಷ ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವ ಪದ್ಧತಿಯನ್ನೇ ತೆಗೆದುಹಾಕಿದರು. 1965ರಲ್ಲಿ ಪಿಡೆಯವರು ಡೆಲ್ಗಾಡೊನನ್ನು ಸ್ಪೇನ್ ಗಡಿಯಲ್ಲಿ ಕೊಂದರು.

ಎಲ್ಲರ ಬಾಯಿ ಕಟ್ಟಿದವನಿಗೆ ಕೊನೆಗೆ ನಿಜ ಹೇಳುವವರೂ ಇರುವುದಿಲ್ಲ. ಇದು ನಮ್ಮ ಕಡಲತೀರದಲ್ಲೇ ನಡೆದುಹೋದದ್ದು. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗಡಿಯಲ್ಲಿ ಜಮಾಯಿಸಿದಾಗ ಗೋವೆಯ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾನಿಗೆ ಲಿಸ್ಬನ್‌ನಿಂದ ಬಂದ ಆಜ್ಞೆ ಶರಣಾಗತಿ ಇಲ್ಲ, ಗೆಲ್ಲಬೇಕು ಇಲ್ಲವೇ ಸಾಯಬೇಕು ಎಂಬರ್ಥದ್ದು. ಅವನ ಬಳಿ ಹೇಳಿಕೊಳ್ಳುವಂಥ ವಿಮಾನವೂ ಇರಲಿಲ್ಲ, ಹಡಗೂ ಇರಲಿಲ್ಲ. ಡಿಸೆಂಬರ್ 18ರಂದು ನಮ್ಮ ನೌಕಾಪಡೆಯ ತ್ರಿಶೂಲ್ ಮತ್ತು ಮೈಸೂರು ಹಡಗುಗಳ ನಾವಿಕರು ಅಂಜುದೀವ್‌ನ ಮೇಲೆ ಇಳಿದರು. ಆ ಹೋರಾಟದಲ್ಲಿ ನಮ್ಮ ಏಳು ನಾವಿಕರು ಸತ್ತರು. 19ರಂದು ಗವರ್ನರ್ ಶರಣಾದ. ಸಾವಿರಾರು ಜೀವ ಉಳಿಸಿದ್ದಕ್ಕೆ ಅವನಿಗೆ ಊರಿನಲ್ಲಿ ಸಿಕ್ಕ ಬಹುಮಾನ ಸೈನ್ಯದಿಂದ ವಜಾ. 1968ರಲ್ಲಿ ಸಲಾಜಾರ್ ಕುರ್ಚಿಯಿಂದ ಬಿದ್ದು ತಲೆಗೆ ಏಟಾಗಿ, ಆಮೇಲೆ ಮಾತು ಮಿದುಳು ಎರಡೂ ಕುಂದಿ, ಬೇರೆಯವನು ಪ್ರಧಾನಿಯಾದ. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲವಂತೆ. ಹಳೆಯ ಮಂತ್ರಿಗಳು ಬಂದು ಸಭೆ ನಡೆಸಿದಂತೆ ನಟಿಸುತ್ತಿದ್ದರು, 1970ರಲ್ಲಿ ಸಾಯುವ ತನಕ ತಾನೇ ದೇಶ ಆಳುತ್ತಿದ್ದೇನೆ ಎಂದು ಅವನು ನಂಬಿದ್ದ. ಅವನು ಬಿಟ್ಟುಹೋದ ವ್ಯವಸ್ಥೆ 1974ರ ಏಪ್ರಿಲ್ 25ರಂದು, ಆಫ್ರಿಕಾದ ಯುದ್ಧಗಳಿಂದ ರೋಸಿಹೋದ ಅವನದೇ ಸೈನ್ಯದ ಕಿರಿಯ ಅಧಿಕಾರಿಗಳ ಕೈಯಲ್ಲಿ ಒಂದೇ ದಿನಕ್ಕೆ ಕುಸಿಯಿತು.

ಇಷ್ಟರಲ್ಲಿ ಕ್ಯಾಸಲ್‌ರಾಕ್‌ನ ಹೆಸರು ಬರಬೇಕು. ಜೋಯಿಡಾ ತಾಲೂಕಿನ ಈ ಘಟ್ಟದಂಚಿನ ರೈಲ್ವೆ ನಿಲ್ದಾಣ ಆಗ ಭಾರತದ ಕೊನೆಯ ನಿಲ್ದಾಣ. ನಮ್ಮ ಮಕ್ಕಳಿಗೆ ಅದು ದೂಧಸಾಗರಕ್ಕೆ ಹೋಗುವ ದಾರಿ ಎಂದಷ್ಟೇ ಗೊತ್ತು. 1955ರ ನವೆಂಬರ್ 25ರಂದು ಅಂಬೋಲಿಯ ಕಾಡಿನಲ್ಲಿ ಶುರುವಾದ ಒಂದು ಗುಪ್ತ ರೇಡಿಯೊ ಕೇಂದ್ರ ಮುಂದೆ ಈ ಕ್ಯಾಸಲ್‌ರಾಕ್‌ನ ಕಾಡಿಗೆ ಬಂದು, 1961ರವರೆಗೆ ಪೋರ್ಚುಗೀಸ್ ಮತ್ತು ಕೊಂಕಣಿಯಲ್ಲಿ ಗೋವೆಯ ಮನೆಗಳಿಗೆ ಸುದ್ದಿ ತಲುಪಿಸಿತು. ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಮಳೆ, ಜಿಗಣೆ, ಹಾವುಗಳ ನಡುವೆ ಆರು ವರ್ಷ. ಸೆನ್ಸಾರ್ ಪೆನ್ಸಿಲ್ ಮುಟ್ಟಲಾಗದ ಜಾಗ ಗಾಳಿಯೊಂದೇ ಆಗಿತ್ತು. ಗೋವೆ ಬಿಡುಗಡೆಯಾದಾಗ ಇಬ್ಬರೂ ವಿಮಾನದಲ್ಲಿ ಕೂತು ಧ್ವನಿವರ್ಧಕದಲ್ಲಿ ಆ ಸುದ್ದಿ ಸಾರಿದರು. ಲಿಬಿಯಾ ಅವರಿಗೆ 2025ರಲ್ಲಿ, ನೂರರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ಬಂದೂಕು ಹಿಡಿದವರ ಕಥೆ ಮಕ್ಕಳಿಗೆ ಬೇಗ ಹಿಡಿಸುತ್ತದೆ, ನಿಜ. ಸರ್ವಾಧಿಕಾರಿಗೆ ಸುದ್ದಿಯ ಭಯ ಎಷ್ಟು ಎಂದು ತೋರಿಸಲು ನಮ್ಮದೇ ಕಾಡಿನ ಈ ರೇಡಿಯೊಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹೊರಗಿನವರ ಕಥೆ ಹೇಳಿ ನಮ್ಮದನ್ನು ಬಿಟ್ಟರೆ ಮಕ್ಕಳೇ ನಗುತ್ತಾರೆ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಮಂತ್ರಿಮಂಡಲಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಗಾದ ಮೇಲೆ. ಆ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ಬೀದಿಗೆ ವಿದ್ಯುತ್ ಕಡಿದರು. ಸಂವಿಧಾನದಲ್ಲಿದ್ದ 352ನೆಯ ವಿಧಿಯೇ ಸಾಕಾಯಿತು, ಹೊಸ ಕಾನೂನೂ ಬೇಕಾಗಲಿಲ್ಲ. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆ ಜೈಲಿಗೆ ಹೋದರು. ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಕಳೆದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಆದರೂ ನಮ್ಮ ಕರಾವಳಿಯಲ್ಲಿ ಆ ಕಾಲವನ್ನು ಒಳ್ಳೆಯದೆಂದು ನೆನೆಯುವ ಹಿರಿಯರು ಬಹಳ. ಎಮರ್ಜೆನ್ಸಿಯಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು ಎಂದು ಅಂಕೋಲೆಯ ಅಂಗಡಿಯಲ್ಲಿ ಕೂತವರು ಹೇಳುವಾಗ ನಾನು ನೆನಪಿಸುವುದುಂಟು: ಅಂಕೋಲೆಗೆ ರೈಲೇ ಬಂದದ್ದು 1990ರ ದಶಕದಲ್ಲಿ. ಅದು ಬಿಡಿ, ಗೇಣಿದಾರರ ನೆನಪು ಗೇಲಿ ಮಾಡುವಂಥದ್ದಲ್ಲ. ಏಳನೇ ನಂಬರ್ ಫಾರ್ಮ್ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಅಜ್ಜನ ಕಾಲದಿಂದ ಗೇಣಿ ಅಳೆದ ಗದ್ದೆಗೆ ಒಡೆಯರಾದದ್ದು ಆ ವರ್ಷಗಳಲ್ಲೇ. ಹಾಲಕ್ಕಿ ಒಕ್ಕಲಿಗರ ಮನೆಗಳಲ್ಲಿ ಅದು ಎಮರ್ಜೆನ್ಸಿಯ ಕೊಡುಗೆ ಎಂದೇ ಉಳಿದಿದೆ. ಆದರೆ ಆ ಭೂಸುಧಾರಣಾ ಕಾಯಿದೆ ಚುನಾಯಿತ ವಿಧಾನಸಭೆ ತಿಂಗಳುಗಟ್ಟಲೆ ಚರ್ಚಿಸಿ ಪಾಸು ಮಾಡಿದ್ದು, 1974ರ ಮಾರ್ಚ್ 1ರಿಂದ ಜಾರಿಗೆ ಬಂದದ್ದು. ತುರ್ತು ಪರಿಸ್ಥಿತಿಗಿಂತ ಒಂದು ವರ್ಷಕ್ಕೂ ಮೊದಲು. ಅದರ ಬೀಜ ಇನ್ನೂ ಹಿಂದಿನದು. 1940ರ ಸುಮಾರಿಗೆ ಗೇಣಿದಾರರನ್ನು ಸಂಘಟಿಸಿದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಈ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಜನ ಬೇಡಿ, ಬಡಿದಾಡಿ, ಮತ ಹಾಕಿ ಪಡೆದದ್ದನ್ನು ಗಟ್ಟಿ ಮನುಷ್ಯರು ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ. ಸಲಾಜಾರ್ ಹಾಗೆ ಮಾಡಿದ್ದ, ನಮ್ಮಲ್ಲೂ ನಡೆಯಿತು. 1977ರ ಮಾರ್ಚ್‌ನಲ್ಲಿ ಉತ್ತರ ಭಾರತ ತುರ್ತು ಪರಿಸ್ಥಿತಿಯ ಸರ್ಕಾರವನ್ನು ಗುಡಿಸಿಹಾಕಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದೇ ಪಕ್ಷಕ್ಕೆ ಹೋದವು. ಈ ಅಂಕಿಯನ್ನು ಮಕ್ಕಳಿಂದ ಮುಚ್ಚಿಡಬೇಡಿ.

ಜೈಲಿನಲ್ಲಿದ್ದವರು ನ್ಯಾಯಾಲಯಕ್ಕೆ ಹೋಗಿ ತಮ್ಮನ್ನು ಏಕೆ ಹಿಡಿದಿದ್ದೀರಿ ಎಂದು ಕೇಳಬಹುದೇ ಎಂಬ ಪ್ರಶ್ನೆಗೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಕೇಳುವಂತಿಲ್ಲ ಎಂದರು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರಿಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಹುದ್ದೆ ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು. 2017ರಲ್ಲಿ ನಮ್ಮ ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದವರಲ್ಲಿ ಒಬ್ಬರು ಡಿ.ವೈ. ಚಂದ್ರಚೂಡ್, ಹಳೆಯ ನಾಲ್ವರಲ್ಲಿ ಒಬ್ಬರ ಮಗ. ಕಟ್ಟೆಯನ್ನು ಭದ್ರಪಡಿಸುವ ಕೆಲಸವೂ ಆಗಿದೆ. 1978ರ 44ನೆಯ ತಿದ್ದುಪಡಿ ‘ಆಂತರಿಕ ಕ್ಷೋಭೆ’ ಎಂಬ ನೆಪ ಸಾಲದು, ಸಶಸ್ತ್ರ ದಂಗೆ ಇರಬೇಕು ಎಂದಿತು. ಮಂತ್ರಿಮಂಡಲದ ನಿರ್ಧಾರ ಲಿಖಿತವಾಗಿ ಬರಬೇಕು ಎಂದಿತು. ಹತ್ತನೆಯ ತರಗತಿಯ ಮಗುವಿಗೆ ಇದು ಕಬ್ಬಿಣದ ಕಡಲೆ ಎನ್ನುವವರು ಅದೇ ಮಗುವಿಗೆ ಬೀಜಗಣಿತ ಕಲಿಸುತ್ತಿದ್ದಾರೆ.

ಈಗ ನನ್ನ ಬೇಡಿಕೆಗಳು. ಆ ಚರ್ಚಾವಿಷಯವನ್ನು ನಿಷೇಧಿಸಿ ಎಂದು ಖಂಡಿತ ಕೇಳುತ್ತಿಲ್ಲ. ಕೇಳಿದರೆ ನೀಲಿ ಪೆನ್ಸಿಲ್ ನನ್ನ ಕೈಗೇ ಬಂದಂತೆ. ವಿಷಯ ಇರಲಿ, ಪರವಾಗಿ ಮಾತಾಡುವವರು ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು ಎಂಬ ನಿಯಮ ಸೇರಿಸಿ: ನೀವು ಕೂರಿಸಿದವನು ಕೆಟ್ಟರೆ ಅವನನ್ನು ಇಳಿಸುವವರು ಯಾರು, ಯಾವ ದಾರಿಯಲ್ಲಿ? ಅಂಕ ಅದಕ್ಕಿರಲಿ.

ತರಗತಿಯಲ್ಲಿ ನಾನು ಮಾಡಿಸುತ್ತಿದ್ದ ಒಂದು ಆಟವನ್ನು ಮಿತ್ರರಿಗೆ ಒಪ್ಪಿಸುತ್ತೇನೆ. ‘ಈ ಪತ್ರಿಕೆಯನ್ನು ಮುಚ್ಚಿ’ ಎಂದು ಬೋರ್ಡಿನ ಮೇಲೆ ಒಂದು ಆಜ್ಞೆ ಬರೆಯಿರಿ. ಅದು ಜಾರಿಯಾಗಲು ಯಾರ ಯಾರ ಕೈ ಬೇಕು ಎಂದು ಮಕ್ಕಳೇ ಹೇಳಲಿ: ಟೈಪ್ ಮಾಡುವವರು, ಸಹಿ ಹಾಕುವ ಅಧಿಕಾರಿ, ಬೀಗ ಹಾಕುವ ಪೊಲೀಸ್, ಕರೆಂಟ್ ತೆಗೆಯುವ ಲೈನ್‌ಮನ್, ತಡೆಯಾಜ್ಞೆ ಕೊಡದ ನ್ಯಾಯಾಧೀಶ, ಏನೂ ಆಗಿಲ್ಲವೆಂದು ಮರುದಿನ ಬೇರೆ ಪತ್ರಿಕೆ ಹಂಚುವ ಹುಡುಗ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಡಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ, ಮನೆಯಲ್ಲಿ ಏನು ಹೇಳುತ್ತಿದ್ದೆ ಎಂದು ಕೇಳಿ. ಲೈನ್‌ಮನ್ ಪಾತ್ರದ ಮಗು ಯಾವಾಗಲೂ ಹೆಚ್ಚು ಹೊತ್ತು ಯೋಚಿಸುತ್ತದೆ.

ಉಪನಿರ್ದೇಶಕರಲ್ಲಿ ಕೇಳುವುದು ಇಷ್ಟೆ. ಡಿಸೆಂಬರ್ 19ರ ಆಸುಪಾಸಿನಲ್ಲಿ ಶೈಕ್ಷಣಿಕ ಪ್ರವಾಸದ ಒಂದು ದಿನವನ್ನು ಈ ಜಿಲ್ಲೆಯ ಇತಿಹಾಸಕ್ಕೆ ಬಿಡಿ. ಕಾರವಾರ, ಅಂಕೋಲಾದ ಶಾಲೆಗಳು ಮಾಜಾಳಿ ಗಡಿಗೆ ಹೋಗಲಿ. ಅಂಜುದೀವ್ ಈಗ ನೌಕಾನೆಲೆಯ ಒಳಗಿದೆ, ಅಲ್ಲಿಗೆ ಬಿಡುವುದಿಲ್ಲ. ದೂರದಿಂದ ಬೆರಳು ಮಾಡಿ ತೋರಿಸಿದರೂ ಆದೀತು. ದಾಂಡೇಲಿ, ಜೋಯಿಡಾದವರಿಗೆ ಕ್ಯಾಸಲ್‌ರಾಕ್ ಹತ್ತಿರ. ಶಿರಸಿ, ಸಿದ್ದಾಪುರದ ಮಕ್ಕಳಿಗೆ 1930ರ ದಶಕದ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಮನೆಗಳೇ ಇವೆ. ಒಲ್ಲೆ ಎಂದವರಿಗೆ ಏನಾಯಿತು ಎಂದು ಅಲ್ಲೇ ಕೇಳಿ ಬರೆದುಕೊಳ್ಳಲಿ. 1961ನ್ನು ಕಂಡವರಿಗೆ ಈಗ ಎಪ್ಪತ್ತು ದಾಟಿದೆ, ಗಡಿ ಮುಚ್ಚಿದ್ದಾಗ ಕಾಣಕೋಣದ ಅತ್ತೆಯ ಮನೆಗೆ ಹೇಗೆ ಹೋಗುತ್ತಿದ್ದೆವು ಎಂದು ಹೇಳುವವರು ಇನ್ನು ಎಷ್ಟು ವರ್ಷ ಸಿಕ್ಕಾರು? ಒಂದು ಮೊಬೈಲ್‌ನಲ್ಲಿ ಅವರ ಮಾತು ಹಿಡಿದಿಡುವುದಕ್ಕೆ ಸುತ್ತೋಲೆ ಬೇಕಾಗಿಲ್ಲ, ಆದರೆ ನಮ್ಮವರು ಸುತ್ತೋಲೆ ಬಾರದೆ ಏನನ್ನೂ ಮಾಡುವುದಿಲ್ಲ ಎನ್ನುವುದು ತಮಗೂ ಗೊತ್ತು.

ಕ್ಯಾಸಲ್‌ರಾಕ್‌ಗೆ ಹೊರಡುವ ಶಾಲೆಯವರು ಒಂದು ಮಾತು ತಿಳಿಸಿದರೆ ನಾನೂ ಜತೆಗೆ ಬರುತ್ತೇನೆ. ಬಸ್ಸಿನಲ್ಲಿ ಮುಂದಿನ ಸೀಟು ಕೊಡಬೇಕು, ಘಟ್ಟದ ತಿರುವುಗಳು ಈಗ ನನಗೆ ಆಗಿಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ
ಅಂಕೋಲಾ ತಾಲೂಕು, ಉತ್ತರ ಕನ್ನಡ